ಹೋಳಿಗೆ ಎತ್ತಿಗೆ, ತಪ್ಪಲ ನನಗೆ

ಲಿಂಬೆಹಣ್ಣಿಗೆ ಬೊಜ್ಜು ಕರಗಿಸುವ ಶಕ್ತಿ ನಿಜವಾಗಿ ಇದ್ದಿದ್ದರೆ ಇಂಡಿ ತಾಲ್ಲೂಕಿನಲ್ಲಿ ಹೊಟ್ಟೆ ಮುಂದೆ ಬಂದ ಒಬ್ಬ ಗಂಡಸೂ ಸಿಗುತ್ತಿರಲಿಲ್ಲ. ಕರ್ನಾಟಕ ರಾಜ್ಯ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೇ ನಮ್ಮ ಇಂಡಿಯಲ್ಲಿ. ಇಂಡಿ ಲಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ, ಸಮುದ್ರ ದಾಟಿ ಅರಬರ ನಾಡಿಗೂ ಹೋಗಿ ಬಂದಿದೆ. ಆದರೆ ಬಜಾರಿನಲ್ಲಿ ಗಲ್ಲೆಯ ಹಿಂದೆ ಕುಳಿತ ಸಾಹುಕಾರರ ಹೊಟ್ಟೆಗಳನ್ನು ನೋಡಿದರೆ ಅಲ್ಲಿಯವರೆಗೆ ಮಾತ್ರ ಇನ್ನೂ ತಲುಪಿದ ಲಕ್ಷಣವಿಲ್ಲ. ಇಷ್ಟೆಲ್ಲ ಕಣ್ಣಾರೆ ಕಂಡವನು ನಾನು. ಆದರೂ ನಸುಕಿನಲ್ಲೆದ್ದು ಬಿಸಿನೀರಿಗೆ ಲಿಂಬೆ ಹಿಂಡಿ ಕುಡಿದು, ಬೂಟು ಬಿಗಿದು ರಸ್ತೆಗಿಳಿದೆ. ಓದಿದವರ ಹಣೆಬರಹವೇ ಇಷ್ಟು. ಕಣ್ಣಿಗೆ ಕಂಡದ್ದನ್ನು ನಂಬುವುದಿಲ್ಲ, ಮೊಬೈಲಿಗೆ ಬಂದದ್ದನ್ನು ನಂಬುತ್ತೇವೆ.

ಇದಕ್ಕೆಲ್ಲ ಕಾರಣ ವಿಜಯಪುರದ ವೃಕ್ಷೊಥಾನ್ ಹೆರಿಟೇಜ್ ರನ್. ಗಿಡ ಬೆಳೆಸಿರಿ ಎಂದು ಸಾರುತ್ತ ಡಿಸೆಂಬರಿನ ಚಳಿಯಲ್ಲಿ ಸಾವಿರಾರು ಜನ ಓಡುತ್ತಾರೆ. 21 ಕಿಲೋಮೀಟರ್ ಓಡುವವರು ಬೇರೆ, 10 ಓಡುವವರು ಬೇರೆ, 5 ಓಡಿ ಫೋಟೋ ತೆಗೆಸಿಕೊಳ್ಳುವವರು ಬೇರೆ. ನಾನು ಮೂರನೆಯ ಪಂಗಡದವನು. ಕೊರಳಿಗೆ ಪದಕ ಬಿದ್ದ ಗಳಿಗೆಯಲ್ಲಿ ಏನು ದೆವ್ವ ಹೊಕ್ಕಿತೋ, ಬರುವ ವರ್ಷ 21 ಓಡಿಯೇ ಸೈ ಎಂದು ಸಹೋದ್ಯೋಗಿಗಳ ಮುಂದೆ ಘೋಷಿಸಿಬಿಟ್ಟೆ. ಅವರಲ್ಲೊಬ್ಬ ನನ್ನನ್ನು ಮೇಲಿಂದ ಕೆಳಗೆ ನೋಡಿ, ನಡುವಿನಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಂತು, “ಮೊದಲ ಲೋಡ್ ಇಳಸ್ರಿ ಸರ” ಅಂದ. ಅಂದೇ ರಾತ್ರಿ ನನ್ನ ಮೊಬೈಲಿಗೆ ಏಳು ದಿನದ ಒಂದು ಪಟ್ಟಿ ಬಂತು.

ಜಿ.ಎಂ. ಡಯಟ್ ಎನ್ನುವ ಈ ಪಟ್ಟಿಯನ್ನು ನೀವೂ ನೋಡಿರುತ್ತೀರಿ. ಮೊದಲ ದಿನ ಬರೀ ಹಣ್ಣು, ಅದರಲ್ಲೂ ಬಾಳೆಹಣ್ಣು ಕೂಡದು. ಎರಡನೆಯ ದಿನ ಬರೀ ತರಕಾರಿ. ಮೂರನೆಯ ದಿನ ಎರಡೂ. ನಾಲ್ಕನೆಯ ದಿನ, ಅಲ್ಲಿಯವರೆಗೆ ಪಂಕ್ತಿಯಿಂದ ಹೊರಗಿಟ್ಟಿದ್ದ ಬಾಳೆಹಣ್ಣಿಗೆ ಏಕಾಏಕಿ ಪಟ್ಟಾಭಿಷೇಕ, ಜೊತೆಗೆ ಹಾಲು. ಅಮೆರಿಕದ ದೊಡ್ಡ ಕಾರು ಕಂಪನಿಯೊಂದು ತನ್ನ ನೌಕರರಿಗಾಗಿ ಮಾಡಿಸಿದ್ದು ಎಂದು ಹೇಳುತ್ತಾರೆ. ಹಾಗೆ ಮಾಡಿಸಿತ್ತೆಂಬುದಕ್ಕೆ ಪುರಾವೆಯನ್ನು ಮಾತ್ರ ಯಾರೂ ತೋರಿಸಿಲ್ಲ. ಪುರಾವೆ ಕೇಳುವ ವ್ಯವಧಾನ ನನಗೂ ಇರಲಿಲ್ಲ, ಏಕೆಂದರೆ ತಕ್ಕಡಿಯ ಮುಳ್ಳು ಆಗಲೇ ಇಳಿಯತೊಡಗಿತ್ತು. ಮೈಯಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆ ತನ್ನ ತೂಕದ ಮೂರು ಪಟ್ಟು ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅನ್ನ ರೊಟ್ಟಿ ಬಿಟ್ಟು ಓಡತೊಡಗಿದರೆ ಆ ಸಕ್ಕರೆ ಖರ್ಚಾಗಿ ನೀರೂ ಹೊರಡುತ್ತದೆ. ಮೊದಲ ದಿನಗಳಲ್ಲಿ ಇಳಿಯುವ ತೂಕದಲ್ಲಿ ಬಹುಪಾಲು ಈ ನೀರೇ. ಬೊಜ್ಜು ಇದ್ದಲ್ಲೇ ಆರಾಮಾಗಿ ಕುಳಿತಿರುತ್ತದೆ. ಇದು ಆಮೇಲೆ ತಿಳಿದದ್ದು. ಆಗ ಮಾತ್ರ ಹೆಂಡತಿಯನ್ನು ಕರೆದು ಕರೆದು ಮುಳ್ಳು ತೋರಿಸಿದೆ. ಅವಳು ತಕ್ಕಡಿಯನ್ನೊಮ್ಮೆ ನನ್ನ ಮುಖವನ್ನೊಮ್ಮೆ ನೋಡಿ, “ಮಾರಿ ಅಷ್ಟ ಇಳದೈತ್ರಿ” ಅಂದಳು.

ತರಕಾರಿಯ ದಿನ ಬಂದಾಗ ನನ್ನೊಳಗಿನ ಲೆಕ್ಕಿಗ ಎದ್ದ. ಓಡುವಾಗ ಮೈತೂಕದ ಪ್ರತಿ ಕಿಲೋಗೆ, ಪ್ರತಿ ಕಿಲೋಮೀಟರಿಗೆ ಸುಮಾರು ಒಂದು ಕ್ಯಾಲೊರಿ ಖರ್ಚು. ಮುಕ್ಕಾಲು ಕ್ವಿಂಟಲ್ ತೂಗುವವನು 21 ಕಿಲೋಮೀಟರ್ ಓಡಿದರೆ ಹದಿನೈದು ನೂರರ ಮೇಲೆ ಬೇಕು. ಸವತಿಕಾಯಿ 100 ಗ್ರಾಮಿಗೆ ಕೊಡುವುದು ಸುಮಾರು 15. ಅಂದರೆ ಒಂದು ಓಟಕ್ಕೆ ಹತ್ತು ಕಿಲೋ ಸವತಿಕಾಯಿ. ಅದೇ ಶಕ್ತಿ ಜೋಳದ ಹಿಟ್ಟಿನಿಂದ ಬರಬೇಕಾದರೆ ಅರ್ಧ ಕಿಲೋ ಸಾಕು. ಲೆಕ್ಕ ಇಷ್ಟು ಸ್ಪಷ್ಟವಾಗಿ ಹೇಳಿದರೂ ನಾನು ಜೋಳದ ಕಡೆ ಹೊರಳಲಿಲ್ಲ. ಕೈಚೀಲ ಹಿಡಿದು ಸಂತೆಗೆ ಹೋಗಿ ಹತ್ತು ಕಿಲೋ ಸವತಿಕಾಯಿ ಕೇಳಿದೆ. ಮಾರುವಾಕೆ ಕೈಯಲ್ಲಿದ್ದ ತಕ್ಕಡಿ ಕೆಳಗಿಟ್ಟು, “ಲಗ್ನ ಐತೇನ್ರಿ ಸಾಹೇಬ್ರ?” ಅಂದಳು. ಒಬ್ಬನೇ ತಿನ್ನುವುದಕ್ಕೆ ಎಂದು ಹೇಳುವ ಧೈರ್ಯ ಬರಲಿಲ್ಲ. ಹೌದೆಂದೆ. ಲಗ್ನ ಯಾರದು, ಬೀಗರು ಎಲ್ಲಿಯವರು ಎಂದು ವಿಚಾರಿಸಿದಳು. ಬೀಗರು ಸಿಂದಗಿಯವರೆಂದು ಬಾಯಿಗೆ ಬಂತು, ಏಕೆಂದರೆ ನನ್ನ ಅತ್ತೆಮನೆ ಇರುವುದು ಅಲ್ಲೇ.

ಅದೇ ದಿನ ಸಿಂದಗಿಗೆ ಹೋಗಬೇಕಾಗಿಯೂ ಬಂತು. ಅಳಿಯ ಅತ್ತೆಮನೆಯಲ್ಲಿ ರೊಟ್ಟಿ ಒಲ್ಲೆನೆಂದರೆ ನಮ್ಮ ಕಡೆ ಅದಕ್ಕೆ ಇರುವುದು ಎರಡೇ ಅರ್ಥ: ಒಂದು, ಸಿಟ್ಟು, ಇನ್ನೊಂದು, ಬೈಕು ಬೇಕಾಗಿದೆ. ಮಾವನವರು ಎರಡನೆಯದನ್ನು ಹಿಡಿದು ಮೌನವಾದರು. ಅತ್ತೆ ಮಾತ್ರ ಜಾಣೆ. “ತರಕಾರಿ ತಿನಬೇಕ ಹೌದಿಲ್ರಿ? ಬದನಿಕಾಯಿ ತರಕಾರಿನ ಐತೆಲ್ರಿ ಮತ್ತ” ಎಂದು ಶೇಂಗಾ, ಎಳ್ಳು, ಕೊಬ್ಬರಿ ತುಂಬಿದ ಎಣಗಾಯಿಯನ್ನು ತಾಟಿಗೆ ಇಳಿಸಿದರು. ಮೇಲೆ ಬೆರಳು ದಪ್ಪ ಎಣ್ಣೆ ತೇಲುತ್ತಿತ್ತು. ಪಟ್ಟಿ ತೆಗೆದು ನೋಡಿದೆ. ಬದನೆಕಾಯಿ ನಿಷಿದ್ಧವೆಂದು ಎಲ್ಲಿಯೂ ಬರೆದಿರಲಿಲ್ಲ. ಕಾನೂನನ್ನು ಅಕ್ಷರಶಃ ಪಾಲಿಸಿದೆ.

ಬಾಳೆಹಣ್ಣಿನ ದಿನ ಮುದ್ದೇಬಿಹಾಳದಲ್ಲಿ, ಅಕ್ಕನ ಮನೆಯಲ್ಲಿ. ಅಕ್ಕನ ಮಗ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ ಹುಡುಗ. ಕ್ವಿಂಟಲ್ ತೂಕದ ಜೋಳದ ಚೀಲವನ್ನು ಹೆಗಲಿಗೇರಿಸಿ ಬೆಳ್ಳಿಕಡೆ ಗೆದ್ದವನು. ನಾನು ಬಾಳೆಹಣ್ಣು ಸುಲಿಯುತ್ತ ಕುಳಿತಿದ್ದರೆ ಅವನು ಹಾಲು, ತುಪ್ಪ, ರೊಟ್ಟಿ ಎಂದು ತನ್ನ ಖುರಾಕಿಗೆ ಕುಳಿತ. ಬಹಳ ಹೊತ್ತು ಮರ್ಯಾದೆಯಿಂದ ಸುಮ್ಮನಿದ್ದು ಕೊನೆಗೆ, “ಮಾಮಾ, ಬಾಳಿಹಣ್ಣ ಮುಗೀತಂದ್ರ ಊಟಕ್ಕ ಬರ್ರೆಲ” ಅಂದ. ಇದೇ ಊಟವೆಂದೆ. ಅವನಿಗೆ ನಗು ತಡೆಯಲಾಗಲಿಲ್ಲ. “ಒಳಗ ಜ್ವಾಳ ಇದ್ರ ಹೊರಗಿನ ಜ್ವಾಳ ಎತ್ತಬಹುದು ಮಾಮಾ” ಎಂದು ಒಂದೇ ಮಾತಿನಲ್ಲಿ ನನ್ನ ಪಟ್ಟಿಯನ್ನು ಎತ್ತಿ ಒಗೆದ. ಮರುದಿನ ನಸುಕಿನಲ್ಲಿ ಅವನ ಜೊತೆ ಓಡಲು ಹೋದೆ. ಊರು ದಾಟುವಷ್ಟರಲ್ಲಿ ಕಾಲು ನನ್ನವೆಂಬ ನಂಬಿಕೆ ಹೋಯಿತು, ಕಣ್ಣಿಗೆ ಕತ್ತಲೆ ಕಟ್ಟಿತು. ಅವನು ನನ್ನನ್ನು ಚೀಲದ ಹಾಗೆ ಹೆಗಲಿಗೆ ಹಾಕಿಕೊಂಡು ಮನೆಗೆ ತಂದಿಳಿಸಿದ. ಅಕ್ಕ ಬಾಯಿಗೆ ಬೆಲ್ಲ ಹಾಕಿ, ಬೆನ್ನಿಗೇ ಉಪ್ಪಿಟ್ಟು ತಿನ್ನಿಸಿದಳು. ಪಟ್ಟಿಯ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಒಂದು ಶರತ್ತು ಇತ್ತು: ನಡುವೆ ತಪ್ಪಿದರೆ ಮೊದಲಿನಿಂದ ಆರಂಭಿಸಬೇಕು. ಆರಂಭಿಸಿದೆ. ಹಾಗೆ ಆರಂಭಿಸಿದ್ದರಿಂದಲೇ ತರಕಾರಿಯ ದಿನ ಬಂದು ಎಳ್ಳ ಅಮಾವಾಸ್ಯೆಯ ಮೇಲೆ ಕುಳಿತಿತು.

ಎಳ್ಳ ಅಮಾವಾಸ್ಯೆಗೆ ನಾವು ಎಲ್ಲಿದ್ದರೂ ಬಸವನಬಾಗೇವಾಡಿಯ ಕಾಕಾನ ಹೊಲಕ್ಕೆ ಹೋಗಲೇಬೇಕು. ಎರೆಭೂಮಿ, ತೆನೆ ಬಿಟ್ಟು ನಿಂತ ಬಿಳಿಜೋಳ, ಬನ್ನಿಗಿಡದ ಬುಡದಲ್ಲಿ ಪಾಂಡವರೆಂದು ಪೂಜೆಗೊಂಡ ಐದು ಕಲ್ಲು. ಚರಗ ಚೆಲ್ಲಿ ಬಂದು ಎಲ್ಲರೂ ಕುಳಿತರೆ ನಡುವೆ ಬುಟ್ಟಿಗಳ ಬಾಯಿ ಬಿಚ್ಚುತ್ತದೆ. ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಜೋಳದ ಕಡಬು, ಪುಂಡಿಪಲ್ಯ, ಬದನೆಕಾಯಿ ಭರ್ತ, ಕಾಳುಪಲ್ಯ, ಅಗಸಿ ಹಿಂಡಿ, ಗುರೆಳ್ಳ ಹಿಂಡಿ, ಕೆನೆಮೊಸರು, ಶೇಂಗಾ ಹೋಳಿಗೆ. ಪಕ್ಕದಲ್ಲಿ ಒಂದು ಸಣ್ಣ ಬುಟ್ಟಿ: ಮೆಂತೆ ತಪ್ಪಲ, ಹಕ್ಕರಕಿ, ಗಜ್ಜರಿ, ಮೂಲಂಗಿ, ಸವತಿಕಾಯಿ. ಎಲ್ಲರೂ ದೊಡ್ಡ ಬುಟ್ಟಿಗಳ ಕಡೆ ಸರಿದರು. ನಾನು ಸಣ್ಣದನ್ನು ಎತ್ತಿಕೊಂಡು, ನೋಡುತ್ತ ಕೂರಲು ಜೀವ ತಡೆಯದೆ, ಬಂಡಿಯ ನೆರಳಿಗೆ ಹೋದೆ. ಅಲ್ಲಿ ಎತ್ತುಗಳನ್ನು ಕಟ್ಟಿದ್ದರು.

ನಾನು ಕುಳಿತದ್ದು ಎಡಗಡೆಯ ಎತ್ತಿನ ಎದುರಿಗೆ. ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆಸರ, ಮೈಗೆ ಜೂಲು, ಒಟ್ಟಿನಲ್ಲಿ ಸಮಾರಂಭದ ಅಧ್ಯಕ್ಷರ ಗಾಂಭೀರ್ಯ. ನಾನು ಹಕ್ಕರಕಿಯ ಎಲೆಯನ್ನು ಬಾಯಿಗಿಟ್ಟೆ. ಒಂದು ತುತ್ತನ್ನು ಮೂವತ್ತೆರಡು ಸಲ ಅಗಿಯಬೇಕೆಂಬುದು ಪಟ್ಟಿಯ ಜೊತೆ ಬಂದ ಉಪದೇಶ. ಅಗಿಯತೊಡಗಿದೆ. ಎತ್ತು ಬೆಳಗಿನ ಕಣಿಕೆಯನ್ನು ಮೆಲುಕು ಹಾಕತೊಡಗಿತು. ಸ್ವಲ್ಪ ಹೊತ್ತಿನಲ್ಲಿ ಇಬ್ಬರ ದವಡೆಗಳೂ ಒಂದೇ ತಾಳಕ್ಕೆ ಬಿದ್ದವು. ಅದು ಬಲಕ್ಕೆ ತಿರುವಿದರೆ ನಾನೂ ಬಲಕ್ಕೆ. ನಿಲ್ಲಿಸಬೇಕೆಂದರೂ ನಿಲ್ಲಿಸಲಾಗುತ್ತಿಲ್ಲ, ಲೆಕ್ಕ ಮೂವತ್ತೆರಡು ಆಗಿಲ್ಲ. ಅದು ನನ್ನನ್ನೇ ನೋಡುತ್ತಿದೆ, ನಾನು ಅದನ್ನೇ ನೋಡುತ್ತಿದ್ದೇನೆ. ಎತ್ತಿನ ಹೊಟ್ಟೆಯಲ್ಲಿ ನಾಲ್ಕು ಕೋಣೆ. ಅಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಕುಳಿತು ನಾರನ್ನೆಲ್ಲ ಅದಕ್ಕೆ ಶಕ್ತಿಯನ್ನಾಗಿ ಮಾಡಿಕೊಡುತ್ತವೆ. ನನ್ನದು ಒಂದೇ ಕೋಣೆ, ಅದೂ ಖಾಲಿ.

ಅಷ್ಟರಲ್ಲಿ ಕಾಕಾ ಬಂದ, ಎರಡೂ ಕೈಯಲ್ಲಿ ಶೇಂಗಾ ಹೋಳಿಗೆ, ಮೇಲೆ ತುಪ್ಪ. ನನ್ನ ಬಾಯಲ್ಲಿದ್ದ ಹಕ್ಕರಕಿಗೆ ಒಮ್ಮೆಲೆ ರುಚಿ ಬಂದಿತು, ಅದು ನನ್ನದೇ ಜೊಲ್ಲಿನದು. ಕಾಕಾ ನನ್ನನ್ನು ದಾಟಿ ಮುಂದೆ ಹೋದ. ಬಸವಣ್ಣ ಹುಟ್ಟಿದ ಊರಿನಲ್ಲಿ ಎತ್ತಿನ ಪಾಲು ಎತ್ತಿಗೆ ಸಲ್ಲಲೇಬೇಕು. ಎಡಗಡೆಯದು ಮೊದಲ ಹೋಳಿಗೆಯನ್ನು ಮೂರೇ ಸಲ ಅಗಿದು ನುಂಗಿತು. ಮೂವತ್ತೆರಡರ ನಿಯಮ ಅದಕ್ಕೆ ಯಾರೂ ಹೇಳಿರಲಿಲ್ಲ. ನುಂಗಿ, ನಾಲಗೆಯಿಂದ ಮೂಗು ಒರಸಿಕೊಂಡು, ನನ್ನ ಬುಟ್ಟಿಯನ್ನು ನೋಡಿತು. ಆಮೇಲೆ ನನ್ನನ್ನು ನೋಡಿತು. ಹೊಲದಲ್ಲಿ ಇಡೀ ವರ್ಷ ದುಡಿದವರು ಹೋಳಿಗೆ ತಿನ್ನುತ್ತಾರೆ, ನೀನು ಯಾವ ನೇಗಿಲು ಎಳೆದೆಯಪ್ಪಾ ಎಂದು ಕೇಳಿದಂತಾಯಿತು. ಓಡುತ್ತಿದ್ದೇನೆ ಎಂದು ಮನಸ್ಸಿನಲ್ಲೇ ಉತ್ತರಿಸಿದೆ. ಎಲ್ಲಿಗೆ ಎಂದರೆ ಹೇಳಲು ಏನೂ ಇರಲಿಲ್ಲ. ಮರುಗಳಿಗೆಯಲ್ಲಿ ಅದು ಕತ್ತು ಚಾಚಿ ನನ್ನ ಮೆಂತೆ ತಪ್ಪಲಿನ ಕಟ್ಟನ್ನು ಬೇರುಸಹಿತ ಎಳೆದುಕೊಂಡಿತು. ಎರಡನೆಯ ಹೋಳಿಗೆ ಹಿಡಿದಿದ್ದ ಕಾಕಾನ ಕೈ ಎತ್ತಿಗೂ ನನಗೂ ನಡುವೆ ಗಾಳಿಯಲ್ಲಿ ನಿಂತಿತು. ಎತ್ತು ಮುಖ ತಿರುಗಿಸಿತು. ನಾನು ತಿರುಗಿಸಲಿಲ್ಲ. “ಇರ್ಲಿ ತಗೋ, ಬಸವಣ್ಣ ಬಿಟ್ಟಿದ್ದು ಪ್ರಸಾದ” ಎಂದ ಕಾಕಾ, ನನ್ನ ಬಾಯಿ ಆಗಲೇ ತುಂಬಿದ್ದರಿಂದ ಉತ್ತರಕ್ಕೆ ಕಾಯದೆ.

ಆಮೇಲೆ ಪಂಕ್ತಿಗೆ ಹೋಗಿ ಕುಳಿತೆ. ಎಲ್ಲರೂ ನಕ್ಕರು, ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ. ನಗದೆ ಇದ್ದವಳು ಒಬ್ಬಳೇ, ಪಕ್ಕದ ಹೊಲದ ಆಯಿ. ಬರೀ ತಪ್ಪಲ ತಿಂದು ಓಡುತ್ತಿದ್ದ ಸಂಗತಿಯನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. “ಎಪ್ಪತ್ತೆರಡರ ಬರದಾಗ ನಾನೂ ಹಿಂಗ ಮಾಡೀನೋ ತಮ್ಮಾ. ಹಗಲೆಲ್ಲ ರಸ್ತೇದ ಖಡಿ ಒಡಿಯೂದು, ಸಂಜೀಕ ಸಿಕ್ಕ ತಪ್ಪಲ ಕುದಿಸಿ ತಿನ್ನೂದು. ನಾವೂ ಅವಾಗ ಭಾಳ ತೆಳ್ಳಗಿದ್ವಿ.” ಇಷ್ಟು ಹೇಳಿ ರೊಟ್ಟಿ ಮುರಿದು ಪುಂಡಿಪಲ್ಯದಲ್ಲಿ ಅದ್ದಿದಳು.

ಅವಳಿಗಿಂತ ಹಿಂದಿನವರ ಪಾಡು ಇನ್ನೂ ಕಠಿಣ. 1876-78ರ ಬರದಲ್ಲಿ ಮುಂಬೈ ಪ್ರಾಂತದ ಕಲಾದಗಿ ಜಿಲ್ಲೆಯೆನಿಸಿದ್ದ ಈ ನೆಲ ಬಹಳಷ್ಟು ಜನರನ್ನು ಕಳೆದುಕೊಂಡಿತ್ತು. ಪಕ್ಕದ ಮದ್ರಾಸ್ ಪ್ರಾಂತಕ್ಕೆ 1877ರಲ್ಲಿ ಬಂದ ಸರ್ ರಿಚರ್ಡ್ ಟೆಂಪಲ್ ಎಂಬ ಸಾಹೇಬ ಖರ್ಚು ಉಳಿಸಲು ಒಂದು ಲೆಕ್ಕ ಹಾಕಿದ. ಬರದ ಕಾಮಗಾರಿಯಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಮೇಲೆ ಒಂದಿಷ್ಟು ಚಿಲ್ಲರೆ ಸಾಕು ಎಂದ. ದುಡಿಯುವ ಮೈಗೆ ಇದು ಸಾಲದೆಂದು ಅಲ್ಲಿಯ ಆರೋಗ್ಯ ಅಧಿಕಾರಿ ಡಾಕ್ಟರ್ ಕಾರ್ನಿಶ್ ಎದುರು ನಿಂತು ವಾದಿಸಿದ. ಒಂದು ಪೌಂಡ್ ಅಂದರೆ ಅರ್ಧ ಕಿಲೋಗಿಂತ ತುಸು ಕಡಿಮೆ. ನಾನು ಪದಕಕ್ಕಾಗಿ ಮೂರು ತಾಸು ಓಡಲು ಬೇಕೆಂದು ಲೆಕ್ಕ ಹಾಕಿದ ಜೋಳವೂ ಅಷ್ಟೇ. ಅಷ್ಟರಲ್ಲೇ ಆ ಬರದ ಕೂಲಿಗಳು ಹಗಲಿಡೀ ಮಣ್ಣು ಹೊರಬೇಕಿತ್ತು, ಬದುಕಬೇಕೂ ಇತ್ತು.

ಇದನ್ನೆಲ್ಲ ತಿಳಿದ ಮೇಲೆ, ಹಸಿರು ರಸದ ಬಾಟಲಿ ಹಿಡಿದು “ದೇಹದ ವಿಷ ಹೊರಹಾಕಿ” ಎಂದು ಬೆಳಗಾದರೆ ಮೊಬೈಲಿನಲ್ಲಿ ಪ್ರತ್ಯಕ್ಷರಾಗುವ ಗುರುಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆ ಕೆಲಸಕ್ಕೆ ಪಿತ್ತಜನಕಾಂಗ, ಮೂತ್ರಪಿಂಡ ಎಂದು ಎರಡು ಇಲಾಖೆಗಳಿವೆ. ಭಾನುವಾರವೂ ರಜೆಯಿಲ್ಲದೆ, ಸಂಬಳವಿಲ್ಲದೆ ದುಡಿಯುತ್ತವೆ. ಹಸಿ ತರಕಾರಿಯ ಮಹಿಮೆಯನ್ನು ನಮಗೆ ಹೇಳಿಕೊಡುವುದಂತೂ ಬೇಕಿಲ್ಲ. ರೊಟ್ಟಿಯ ಜೊತೆ ಮೆಂತೆ, ಹಕ್ಕರಕಿ, ಉಳ್ಳಾಗಡ್ಡಿ, ಸವತಿಕಾಯಿ ಹಸಿಯಾಗಿ ಕಚ್ಚುವುದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಈ ನಾಲ್ಕೂ ತಾಲ್ಲೂಕಿನವರ ನಿತ್ಯದ ಊಟ. ಜೊತೆಗೆ ಕಾಳು, ಹಿಂಡಿ, ಮೊಸರು. ಸ್ನಾಯು ಕಟ್ಟಲು ಬೇಕಾದ ಪ್ರೋಟೀನು ಅಲ್ಲೇ ಇದೆ, ಬೆವರಿನಲ್ಲಿ ಹೋದ ಉಪ್ಪೂ ಅಲ್ಲೇ ಇದೆ. ಪಟ್ಟಿ ಮಾಡಿದವನು ತಾಟಿನ ಅಂಚಿನಲ್ಲಿದ್ದದ್ದನ್ನು ನಡುವಿಗೆ ತಂದು, ನಡುವಿನಲ್ಲಿದ್ದದ್ದನ್ನು ತೆಗೆದು ಒಗೆದ. ಅಷ್ಟೇ ಅವನ ಸಂಶೋಧನೆ.

ಆದ್ದರಿಂದ ಓಡುವವರಲ್ಲಿ ನನ್ನ ವಿನಂತಿ ಇಷ್ಟೇ. ಓಡಿರಿ, ಚೆನ್ನಾಗಿ ಓಡಿರಿ. ಹಣ್ಣು ತಿನ್ನಿರಿ, ತಪ್ಪಲ ತಿನ್ನಿರಿ, ಇಂಡಿಯ ಲಿಂಬೆಯನ್ನು ಪಲ್ಯದ ಮೇಲೆ ಧಾರಾಳವಾಗಿ ಹಿಂಡಿರಿ. ಆದರೆ ಎರಡು ಬಿಸಿ ರೊಟ್ಟಿ ಜೊತೆಗಿರಲಿ. ತೂಕ ಇಳಿಯುವುದು ತಡವಾದರೆ ಆಗಲಿ, ರಸ್ತೆಯಿಂದ ಮನೆಗೆ ನಿಮ್ಮ ಕಾಲಿನ ಮೇಲೆ ನೀವೇ ಬರುತ್ತೀರಿ.