ಗಣಕಸಂಧಿದರ್ಪಣಂ: ಬಿಡಿಭಾಗಗಳ ಅರಿಸಮಾಸ ವಿಚಾರ

ಮನೆಯಲ್ಲಿ ಕೂತು ಕಂಪ್ಯೂಟರ್ ಜೋಡಿಸುವುದು ಎಂಜಿನಿಯರಿಂಗಿಗೆ ಸೇರಿದ ವಿಷಯವೆಂದು ನಂಬಿದವರುಂಟು. ಈ ಭ್ರಾಂತಿಯನ್ನು ಆರಂಭದಲ್ಲೇ ಖಂಡಿಸುತ್ತೇವೆ. ಎಂಜಿನಿಯರಿಂಗ್ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಡಬ್ಬಿಗಳಲ್ಲಿ ಮನೆಗೆ ಬರುವುದು ಸಿದ್ಧಪದಗಳು; ಕೊಂಡವನ ಪಾಲಿಗೆ ಉಳಿಯುವುದು ಪದಕ್ಕೆ ಪದ ಕೂಡಿಸುವ ಕೆಲಸ. ಆದಕಾರಣ ಇದು ವ್ಯಾಕರಣಶಾಸ್ತ್ರದ ಸಂಧಿ ಸಮಾಸಗಳ ಪ್ರಕರಣ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸೂತ್ರ, ವೃತ್ತಿ, ಪ್ರಯೋಗ ಎಂಬ ಕ್ರಮ ಹಾಕಿಕೊಟ್ಟಿದ್ದಾನೆ. ಅವನು ಮದರ್‌ಬೋರ್ಡಿನ ಬಗ್ಗೆ ಏನೂ ಹೇಳದೆ ಹೋದದ್ದು ನಮ್ಮ ಪುಣ್ಯ. ಹೇಳಿದ್ದರೆ ಈ ಪ್ರಬಂಧಕ್ಕೆ ಎಡೆಯೇ ಇರುತ್ತಿರಲಿಲ್ಲ. ಮೊದಲ ಸಲ ಸ್ಕ್ರೂಡ್ರೈವರ್ ಹಿಡಿಯುವ ಬಾಲಕರ (ವಯಸ್ಸು ನಲವತ್ತಾದರೂ ಶಾಸ್ತ್ರದಲ್ಲಿ ಅವರು ಬಾಲಕರೇ) ಸುಖಬೋಧೆಗಾಗಿ ಇದನ್ನು ರಚಿಸಿದ್ದೇವೆ.

ಪೂರ್ವಾಚಾರ್ಯರಲ್ಲಿ ಎರಡು ಪಂಥ. ಒಂದು ಯೂಟ್ಯೂಬ್ ಭಾಷ್ಯಕಾರರದು. ಇವರು ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಜೋಡಿಸಿ ಮುಗಿಸುತ್ತಾರೆ, ಏಕೆಂದರೆ ಜೋಡಣೆಯಾಗದೆ ಒದ್ದಾಡಿದ ಭಾಗವನ್ನು ಕತ್ತರಿಸಿರುತ್ತಾರೆ. ಇನ್ನೊಂದು ಬೆಂಗಳೂರಿನ ಎಸ್.ಪಿ. ರಸ್ತೆಯ, ಅಂದರೆ ಸದರ್ ಪತ್ರಪ್ಪ ರಸ್ತೆಯ, ಮೌಖಿಕ ಪರಂಪರೆ. ಇವರ ದರ್ಶನವೆಲ್ಲ ‘ಆಗತ್ತೆ ಸಾರ್’ ಎಂಬಲ್ಲಿ ಅಡಕವಾಗಿದೆ. ‘ಈ ಬೋರ್ಡಿಗೆ ಈ ಪ್ರೊಸೆಸರ್ ಆಗತ್ತಾ?’ ‘ಆಗತ್ತೆ ಸಾರ್.’ ‘ಬಯೋಸ್ ಅಪ್‌ಡೇಟ್ ಆಗಿದೆಯಾ?’ ‘ಆಗತ್ತೆ ಸಾರ್.’ ಕರ್ತೃವಿಲ್ಲ, ಕರ್ಮವಿಲ್ಲ. ಕ್ರಿಯೆ ವರ್ತಮಾನದ್ದೋ ಭವಿಷ್ಯತ್ತಿನದೋ ಎಂಬಲ್ಲಿ ಪಂಡಿತರು ಒಮ್ಮತಕ್ಕೆ ಬಂದಿಲ್ಲ. ಇಷ್ಟಾದರೂ ಈ ಪರಂಪರೆಯನ್ನು ಹಗುರವಾಗಿ ಕಾಣಬಾರದು. ಅದರ ಅಂಗಡಿಗಳಲ್ಲಿ ಬೋರ್ಡು ಕೈಯಲ್ಲಿ ಹಿಡಿದು ನೋಡಲು ಸಿಗುತ್ತದೆ, ಭಾಷ್ಯಕಾರರಲ್ಲಿ ಸಿಗುವುದಿಲ್ಲ.

ಸೂತ್ರಂ: ಕುಳಿತುದೆಲ್ಲಂ ಕೂಡಿತೆನಲ್ಕೆ ಬಾರದು.

ವೃತ್ತಿ: ಸಂಸ್ಕೃತ ಪದಕ್ಕೂ ಕನ್ನಡ ಪದಕ್ಕೂ ಸಮಾಸ ಮಾಡಿದರೆ ಅದು ಅರಿಸಮಾಸ. ಹಾಗೆಯೇ ಎಎಂಡಿ ಪ್ರೊಸೆಸರನ್ನು ಇಂಟೆಲ್ ಬೋರ್ಡಿಗೆ ಕೂರಿಸುವುದು. ಇದಕ್ಕೆ ಶಾಸ್ತ್ರದ ನಿಷೇಧವೇ ಬೇಕಿಲ್ಲ, ವಸ್ತುವೇ ಒಲ್ಲೆನೆನ್ನುತ್ತದೆ. ಕೂರದೆ ಇರುವ ಅರಿಸಮಾಸ ನಿರುಪದ್ರವಿ. ಕೂತೂ ಕೂಡದಿರುವ ಅರಿಸಮಾಸಕ್ಕೆ ಮಾತ್ರ ಶಾಸ್ತ್ರ ಬೇಕು.

ಪ್ರಯೋಗಂ: ಇಂಟೆಲ್ 2015ರಲ್ಲಿ ಎಲ್‌ಜಿಎ 1151 ಎಂಬ ಸಾಕೆಟ್ಟನ್ನು ತಂದಿತು. ಆರನೆಯ, ಏಳನೆಯ ತಲೆಮಾರಿನ ಪ್ರೊಸೆಸರುಗಳು ಅದರಲ್ಲಿ ಕೂತವು, ಕೂಡಿದವು. 2017ರಲ್ಲಿ ಎಂಟನೆಯ ತಲೆಮಾರು ಬಂತು. ಸಾಕೆಟ್ಟಿನ ಹೆಸರು ಅದೇ 1151, ಸಂಪರ್ಕಬಿಂದುಗಳ ಲೆಕ್ಕ ಅದೇ, ಅಳತೆಯೂ ಅದೇ. ಹಳೆಯ ಬೋರ್ಡಿಗೆ ಹೊಸ ಪ್ರೊಸೆಸರ್ ತೊಡಕಿಲ್ಲದೆ ಕೂರುತ್ತಿತ್ತು. ಫ್ಯಾನೂ ತಿರುಗಬಹುದು. ಕಂಪ್ಯೂಟರ್ ಮಾತ್ರ ಏಳುತ್ತಿರಲಿಲ್ಲ. ಅದಕ್ಕೆ 300 ಸರಣಿಯ ಚಿಪ್‌ಸೆಟ್ಟಿರುವ ಬೋರ್ಡೇ ಆಗಬೇಕು.

ಇಲ್ಲಿ ಪೂರ್ವಪಕ್ಷಿ ಏಳುತ್ತಾನೆ: ‘ಹೆಸರು ಒಂದೇ, ರೂಪ ಒಂದೇ, ಪಿನ್ನೂ ಅಷ್ಟೇ, ಮತ್ತೆ ಭೇದವೆಲ್ಲಿಂದ ಬಂತು?’ ಉತ್ತರ: ಇದು ಶ್ಲೇಷ. ಕೋರ್‌ಗಳು ಹೆಚ್ಚಿದ್ದರಿಂದ ವಿದ್ಯುತ್ತು ಹೆಚ್ಚು ಬೇಕಾಯಿತೆಂದು, ಮೊದಲು ಕೆಲಸವಿಲ್ಲದೆ ಮೀಸಲಿದ್ದ ಕೆಲವು ಪಿನ್ನುಗಳಿಗೆ ವಿದ್ಯುತ್ತು ಹೊರುವ ಕೆಲಸ ವಹಿಸಲಾಯಿತು. ಶಬ್ದ ಒಂದೇ ಉಳಿಯಿತು, ಅರ್ಥ ಬದಲಾಯಿತು. ನಿರಂಕುಶರಾದ ಕೆಲವು ಕವಿಗಳು ಬಯೋಸ್ ತಿದ್ದಿ, ಪಿನ್ನುಗಳಿಗೆ ಅಂಟುಪಟ್ಟಿ ಹಚ್ಚಿ, ಹಳೆಯ ಬೋರ್ಡಿನಲ್ಲೇ ಹೊಸ ಪ್ರೊಸೆಸರನ್ನು ಓಡಿಸಿ ತೋರಿಸಿದ್ದಾರೆ. ಬಿರುದಾವಳಿಯಲ್ಲೂ ಪೂರ್ವಕವಿಗಳ ಪ್ರಯೋಗದಲ್ಲೂ ಅರಿಸಮಾಸ ದೋಷವಲ್ಲವೆಂಬ ವಿನಾಯಿತಿ ಮೊದಲಿನಿಂದಲೂ ಇದೆಯಷ್ಟೆ. ಅದು ಅವರಿಗೆ ಸಲ್ಲಲಿ. ಬಾಲಕರಿಗೆ ಅನುಕರಣೀಯವಲ್ಲ.

ರ‍್ಯಾಮಿನ ವಿಷಯದಲ್ಲಿ ತಯಾರಕರಿಗೆ ಕರುಣೆ ಬಂದಂತಿದೆ. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಸಂಪರ್ಕಗಳು. ಆದರೆ ಒಂದು 1.2 ವೋಲ್ಟಿನದು, ಇನ್ನೊಂದು 1.1 ವೋಲ್ಟಿನದು. ಇವು ಕೂಡಬಾರದೆಂದು ಅಂಚಿನ ಕಚ್ಚನ್ನು ಸ್ವಲ್ಪ ಆಚೆಗೆ ಸರಿಸಿದ್ದಾರೆ. ವ್ಯಾಕರಣದಲ್ಲಿ ಇದೇ ಪ್ರಕೃತಿಭಾವ: ಎದುರುಬದುರು ನಿಂತರೂ ಸಂಧಿಯಾಗದು. ಬಾಲಕನು ‘ಇನ್ನೊಂಚೂರು ಒತ್ತಿದರೆ ಕೂರಬಹುದು’ ಎಂದು ಹೆಬ್ಬೆರಳೂರಿದರೆ ಕಚ್ಚು ಸೋಲುವುದಿಲ್ಲ, ಸ್ಲಾಟು ಸೋಲುತ್ತದೆ. ವಿಶೇಷ ವಿಧಿ: ಎಲ್‌ಜಿಎ 1700ರ ಹನ್ನೆರಡು, ಹದಿಮೂರು, ಹದಿನಾಲ್ಕನೆಯ ತಲೆಮಾರಿನ ಪ್ರೊಸೆಸರುಗಳು ಎರಡು ಬಗೆಯ ರ‍್ಯಾಮನ್ನೂ ಒಲ್ಲೆನ್ನವು. ಈ ವಿಕಲ್ಪ ಪ್ರೊಸೆಸರಿಗೆ ಉಂಟು, ಬಹುತೇಕ ಬೋರ್ಡುಗಳಿಗೆ ಇಲ್ಲ. ಒಂದೇ ಹೆಸರಿನ ಎರಡು ಬೋರ್ಡುಗಳಲ್ಲಿ ಒಂದರ ಕೊನೆಗೆ ‘ಡಿ4’ ಎಂದು ಸಣ್ಣಗೆ ಬರೆದಿರುತ್ತದೆ. ಹಣವೆಲ್ಲ ಆ ಎರಡಕ್ಷರದ ಮೇಲೆ ನಿಂತಿದೆ.

ಇನ್ನು ಪ್ರತ್ಯಯ ಪ್ರಕರಣ.

ಸೂತ್ರಂ: ಎಫ್ ಪರಮಾಗೆ ಚಿತ್ರಲೋಪಂ.

ವೃತ್ತಿ: ಐ5-12400 ಎಂಬುದು ಪ್ರಕೃತಿ; ಅದಕ್ಕೆ ಎಫ್ ಪ್ರತ್ಯಯ ಹತ್ತಿದರೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಲೋಪವಾಗುತ್ತದೆ, ಜತೆಗೆ ಬೆಲೆಯೂ ತುಸು ಲೋಪವಾಗುತ್ತದೆ. ಬಾಲಕನ ಕಣ್ಣು ಎರಡನೆಯ ಲೋಪದ ಮೇಲೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡನ್ನು ‘ಮುಂದಿನ ಬೋನಸ್ ಬಂದಾಗ ನೋಡಿದರಾಯಿತು’ ಎಂದುಕೊಂಡವನು ಎಫ್ ಕೊಂಡರೆ, ಬೋನಸ್ ಬರುವ ತನಕ ಮಾನಿಟರಿನಲ್ಲಿ ‘ನೋ ಸಿಗ್ನಲ್’ ಎಂಬ ಒಂದೇ ವಾಕ್ಯವನ್ನು ಅಧ್ಯಯನ ಮಾಡುತ್ತಾನೆ. ಎಎಂಡಿಯ ಪ್ರಾಚೀನ ಮತ ಇದಕ್ಕೆ ವಿರುದ್ಧ: ಎಎಂ4 ಕಾಲದ ರೈಜೆನ್‌ಗಳಲ್ಲಿ ಚಿತ್ರವಿಲ್ಲದಿರುವುದೇ ಸಹಜ, 5600ಜಿ ಎಂಬಲ್ಲಿನ ಜಿ ಪ್ರತ್ಯಯ ಬಂದರೆ ಮಾತ್ರ ಚಿತ್ರ. 2022ರ ರೈಜೆನ್ 7000 ಸರಣಿಯಿಂದ ಎಎಂಡಿಯೂ ಸಣ್ಣ ಗ್ರಾಫಿಕ್ಸನ್ನು ಸಹಜವಾಗಿಸಿ, ಬೇಡದಾಗ ಎಫ್ ಹಚ್ಚುವ ರೂಢಿಗೆ ಬಂದಿತು. ಹೀಗೆ ಉಭಯಮತಗಳು ಒಂದಾದದ್ದು ದರ್ಶನಗಳ ಇತಿಹಾಸದಲ್ಲಿ ಅಪರೂಪ. ಗ್ರಾಫಿಕ್ಸ್ ಕಾರ್ಡ್ ಇದ್ದೂ ಮಾನಿಟರಿನ ಕೇಬಲ್ಲನ್ನು ಬೋರ್ಡಿನ ಕಿಂಡಿಗೇ ಸಿಕ್ಕಿಸಿ ‘ಕಾರ್ಡು ಸತ್ತಿದೆ’ ಎಂದು ಅಂಗಡಿಗೆ ಹೋಗುವವರ ಬಗ್ಗೆ ಶಾಸ್ತ್ರ ಮೌನ ತಾಳುತ್ತದೆ.

ಸಂಧಿಗಳು ಮೂರು: ಲೋಪ, ಆಗಮ, ಆದೇಶ. ಶಾಲೆಯಲ್ಲಿ ಇವನ್ನು ಬಾಯಿಪಾಠ ಮಾಡಿಸಿದ್ದು ಯಾಕೆಂದು ತಿಳಿಯದವರಿಗೆ ಈಗ ತಿಳಿಯಲಿದೆ.

ಸೂತ್ರಂ: ಎಂ.2 ಪರಮಾಗೆ ಸಾಟಾಗೆ ಲೋಪಂ ಬಹುಳಂ.

ವೃತ್ತಿ: 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ಎಂ.2 ಎಸ್‌ಎಸ್‌ಡಿಯನ್ನು ಎರಡನೆಯ ಸ್ಲಾಟಿಗೆ ಹಾಕಿದೊಡನೆ ಅನೇಕ ಬೋರ್ಡುಗಳಲ್ಲಿ ಒಂದೆರಡು ಸಾಟಾ ಕಿಂಡಿಗಳು ನಿಷ್ಕ್ರಿಯವಾಗುತ್ತವೆ; ಎರಡೂ ಒಂದೇ ದಾರಿಯನ್ನು ಹಂಚಿಕೊಂಡಿರುವುದೇ ಕಾರಣ. ‘ಬಹುಳಂ’ ಎಂದದ್ದರಿಂದ ಎಲ್ಲ ಬೋರ್ಡಿನಲ್ಲೂ ಅಲ್ಲ. ಯಾವುದರಲ್ಲಿ ಎಂಬುದು ಕೈಪಿಡಿಯಲ್ಲಿ ನಕ್ಷತ್ರಚಿಹ್ನೆ ಹಾಕಿದ ಅಡಿಟಿಪ್ಪಣಿಯಲ್ಲಿದೆ. ಮದುವೆ ಫೋಟೋಗಳಿದ್ದ ಹಳೆಯ ಹಾರ್ಡ್ ಡಿಸ್ಕ್ ಕಾಣೆಯಾಯಿತೆಂದು ಮನೆಯಲ್ಲಿ ರಂಪವಾದಾಗ ಗೃಹಸ್ಥನು ಪಾಣಿನಿಯನ್ನು ಸ್ಮರಿಸಬೇಕು. ಲೋಪವೆಂದರೆ ಕಾಣದಾಗುವುದೇ ಹೊರತು ನಾಶವಲ್ಲವೆಂಬುದು ಅವನ ಮತ. ಕೇಬಲ್ಲನ್ನು ಪಕ್ಕದ ಕಿಂಡಿಗೆ ಬದಲಿಸಿದರೆ ವಧೂವರರು ಮರಳುತ್ತಾರೆ.

ಆದೇಶಕ್ಕೆ ಸೂತ್ರ: ಶೀಘ್ರಕ್ಕೆ ಮಂದಮಾದೇಶಂ. 3600ರ ರ‍್ಯಾಮಿನ ಪಕ್ಕ 3000ದ್ದು ಕೂತರೆ ಎರಡೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ. ನಾಲ್ಕನೆಯ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡು ಮೂರನೆಯದರ ಸ್ಲಾಟಿನಲ್ಲಿ ಮೂರನೆಯದಾಗಿಯೇ ನಡೆದುಕೊಳ್ಳುತ್ತದೆ. ಸಾಮಾನ್ಯವಾಗಿ ಇದರಿಂದ ಹೆಚ್ಚಿನ ನಷ್ಟವಿಲ್ಲ. ಆದರೆ 2022ರ ಆರ್‌ಎಕ್ಸ್ 6500 ಎಕ್ಸ್‌ಟಿಯಂತೆ ನಾಲ್ಕೇ ಲೇನ್ ಇರುವ ಕಾರ್ಡಿಗೆ ಪೆಟ್ಟು ಬೀಳುತ್ತದೆ. ಇನ್ನೊಂದು ಗುಪ್ತ ಆದೇಶವುಂಟು. 3200 ಎಂದು ಡಬ್ಬಿಯ ಮೇಲೆ ಅಚ್ಚಾದ ರ‍್ಯಾಮ್ ಎಷ್ಟೋ ಸಲ ಬೋರ್ಡಿನಲ್ಲಿ 2133ರಲ್ಲೇ ಏಳುತ್ತದೆ. ಬಯೋಸ್ ಒಳಹೊಕ್ಕು ಎಕ್ಸ್‌ಎಂಪಿ ಎಂಬ ವಿಧಿವಾಕ್ಯವನ್ನು ಸಕ್ರಿಯಗೊಳಿಸುವ ತನಕ ಅದು ಏರದು. 3200ಕ್ಕೆ ಹಣ ತೆತ್ತು 2133ರಲ್ಲಿ ಸಂತೃಪ್ತರಾಗಿ ಬದುಕುತ್ತಿರುವ ಸಂಸಾರಗಳು ನಮ್ಮ ಸುತ್ತ ಎಷ್ಟಿವೆಯೋ. ಅವರ ನೆಮ್ಮದಿ ಕೆಡಿಸುವ ಉದ್ದೇಶ ಈ ಗ್ರಂಥಕ್ಕಿಲ್ಲ.

ಆಗಮವೇ ಈ ಶಾಸ್ತ್ರದ ಜಟಿಲ ಭಾಗ. ಇಲ್ಲಿ ಇಲ್ಲದ್ದೊಂದು ನಡುವೆ ಬಂದರೇ ಸಂಧಿ. ಆ ಇಲ್ಲದ್ದಕ್ಕೆ ಬಯೋಸ್ ಅಪ್‌ಡೇಟ್ ಎಂದು ಹೆಸರು. ಸಂದರ್ಭ ಹೀಗಿದೆ: ಅಂಗಡಿಯ ಕಪಾಟಿನಲ್ಲಿ ಕೂತಿದ್ದ ಬಿ450 ಬೋರ್ಡು, ಅದರ ನಂತರ ಹುಟ್ಟಿದ ರೈಜೆನ್ 5600. ಸಾಕೆಟ್ ಎರಡಕ್ಕೂ ಎಎಂ4. ಬೋರ್ಡಿಗೆ ಪ್ರೊಸೆಸರಿನ ಗುರುತು ಹತ್ತಬೇಕಾದರೆ ಬಯೋಸ್ ಹೊಸದಾಗಬೇಕು. ಬಯೋಸ್ ಹೊಸದಾಗಬೇಕಾದರೆ ಕಂಪ್ಯೂಟರ್ ಏಳಬೇಕು. ಕಂಪ್ಯೂಟರ್ ಏಳಬೇಕಾದರೆ ಬೋರ್ಡಿಗೆ ಪ್ರೊಸೆಸರಿನ ಗುರುತು ಹತ್ತಬೇಕು. ತಾರ್ಕಿಕರು ಇದನ್ನೇ ಚಕ್ರಕ ದೋಷವೆಂದು ಕರೆದು, ಇಂಥದ್ದು ಲೋಕದಲ್ಲಿ ಸಂಭವಿಸದೆಂದು ಬದಿಗಿಟ್ಟಿದ್ದರು. ಲೋಕದಲ್ಲಿ ಅದಕ್ಕೆ ಈಗ ಜಿಎಸ್‌ಟಿ ಸಹಿತ ಬಿಲ್ ಸಿಗುತ್ತದೆ.

ಪರಿಹಾರಗಳನ್ನು ಆಚಾರ್ಯರು ಬೇರೆಬೇರೆಯಾಗಿ ಹೇಳಿದ್ದಾರೆ. 2018ರಲ್ಲಿ ಇಂಥದೇ ತೊಡಕು ಬಂದಾಗ ಎಎಂಡಿ ಸಂಸ್ಥೆಯೇ ಅಪ್‌ಡೇಟ್ ಮಾಡಿಕೊಳ್ಳಲೆಂದು ಗ್ರಾಹಕರಿಗೆ ಹಳೆಯ ಪ್ರೊಸೆಸರನ್ನು ಕಡ ಕೊಟ್ಟು ವಾಪಸು ಪಡೆಯುವ ವ್ಯವಸ್ಥೆ ಮಾಡಿತ್ತು. ಇನ್ನು ಕೆಲವು ಬೋರ್ಡುಗಳ ಬೆನ್ನಲ್ಲಿ ಫ್ಲ್ಯಾಶ್‌ಬ್ಯಾಕ್ ಎಂಬ ಗುಂಡಿಯಿದೆ. ಪೆನ್ ಡ್ರೈವಿನಲ್ಲಿ ಕಡತ ಹಾಕಿ, ಅದನ್ನು ಗೊತ್ತಾದ ಕಿಂಡಿಗೇ ಸಿಕ್ಕಿಸಿ ಒತ್ತಿದರೆ ಪ್ರೊಸೆಸರೇ ಇಲ್ಲದೆ ಬಯೋಸ್ ಹೊಸದಾಗುತ್ತದೆ. ಸಣ್ಣ ದೀಪವೊಂದು ಮಿನುಗುತ್ತಿರುತ್ತದೆ. ಅದು ನಿಲ್ಲುವ ಮೊದಲೇ ಬೇಸತ್ತು ಸ್ವಿಚ್ ಆರಿಸಿದವನಿಗೆ ಹೊಸ ಬೋರ್ಡು ಕೊಳ್ಳುವ ಯೋಗವಿದೆ. ಈ ಗುಂಡಿಗೆ ಇನ್ನೂರು ಮುನ್ನೂರು ರೂಪಾಯಿ ಹೆಚ್ಚು ಕೇಳಿದರೂ ಕೊಡಬಹುದೆಂದು ನಮ್ಮ ಸಿದ್ಧಾಂತ. ಬಣ್ಣದ ಲೋಹದ ಕವಚಕ್ಕೆ ಅದಕ್ಕಿಂತ ಹೆಚ್ಚು ಕೊಡುವವರು ಇದಕ್ಕೆ ಚೌಕಾಸಿ ಮಾಡುವುದನ್ನು ಕಂಡಿದ್ದೇವೆ.

ಈ ಆಗಮಕ್ಕೆ ಒಂದು ಅಪವಾದದ ಇತಿಹಾಸವೂ ಇದೆ. ಎಎಂ4ರ ಅನೇಕ ಹಳೆಯ ಬೋರ್ಡುಗಳ ಬಯೋಸ್ ಚಿಪ್ಪು 16 ಎಂಬಿಯದು. ತಲೆಮಾರಿನ ಮೇಲೆ ತಲೆಮಾರು ಬಂದು ಎಲ್ಲ ಪ್ರೊಸೆಸರುಗಳ ವಿವರ ಅದರೊಳಗೆ ಹಿಡಿಸದಾಯಿತು. ಬಿ450 ಬೋರ್ಡಿಗೆ ಮುಂದಿನ ಪ್ರೊಸೆಸರುಗಳ ಬೆಂಬಲವಿಲ್ಲವೆಂದು 2020ರ ಮೇ ತಿಂಗಳಲ್ಲಿ ಘೋಷಣೆಯಾಯಿತು. ಬಳಕೆದಾರರು ಗದ್ದಲವೆಬ್ಬಿಸಿದರು, ಅದೇ ತಿಂಗಳು ಎಎಂಡಿ ಮಾತು ಬದಲಿಸಿತು. ಗದ್ದಲದಿಂದ ಸೂತ್ರ ತಿದ್ದುಪಡಿಯಾದ ಬೇರೆ ನಿದರ್ಶನ ವ್ಯಾಕರಣದಲ್ಲಿ ನಮಗೆ ಸಿಕ್ಕಿಲ್ಲ.

ಬೋರ್ಡಿನ ತಯಾರಕರು ತಾವು ಪರೀಕ್ಷಿಸಿದ ರ‍್ಯಾಮುಗಳ ಉದ್ದನೆಯ ಪಟ್ಟಿಯೊಂದನ್ನು ಜಾಲತಾಣದಲ್ಲಿ ಇಟ್ಟಿರುತ್ತಾರೆ. ಅದು ಕವಿಪ್ರಯೋಗ ಸಂಗ್ರಹ. ಪಟ್ಟಿಯಲ್ಲಿದ್ದರೆ ಸಾಧು. ಇಲ್ಲದಿದ್ದರೆ ಅಸಾಧುವೆಂದಲ್ಲ, ಪ್ರಯೋಗ ದೊರೆತಿಲ್ಲವೆಂದಷ್ಟೇ ಅರ್ಥ. ನಾಲ್ಕು ಸ್ಲಾಟಿರುವಲ್ಲಿ ಎರಡೇ ರ‍್ಯಾಮ್ ಹಾಕುವುದಾದರೆ ಪ್ರೊಸೆಸರಿನಿಂದ ಎಣಿಸಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಬೇಕೆಂಬುದು ಬಹುತೇಕ ಬೋರ್ಡುಗಳ ವಿಧಿ. ಅಕ್ಕಪಕ್ಕ ಕೂರಿಸಿದರೆ ನೋಡಲು ದ್ವಿರುಕ್ತಿ, ವೇಗದಲ್ಲಿ ಏಕವಚನ.

ಎಲ್ಲಕ್ಕೂ ವಿದ್ಯುತ್ತು ಒದಗಿಸುವ ಡಬ್ಬಿಯಾದ ಎಸ್‌ಎಂಪಿಎಸ್ ಅವ್ಯಯ. ಲಿಂಗ, ವಚನ, ವಿಭಕ್ತಿಗಳಿಂದ ಬದಲಾಗದೆ, ಯಾರ ಗಮನಕ್ಕೂ ಬಾರದೆ ಮೂಲೆಯಲ್ಲಿರುವುದು ಅದರ ಲಕ್ಷಣ. ಕ್ಯಾಬಿನೆಟ್ ಜತೆ ಉಚಿತವಾಗಿ ಬರುವ, ‘450 ವಾಟ್’ ಎಂದು ದಪ್ಪಕ್ಷರದಲ್ಲಿ ಬರೆದ, ಕೈಗೆತ್ತಿದರೆ ಖಾಲಿ ಡಬ್ಬಿಯಷ್ಟು ಹಗುರವಾದ ಎಸ್‌ಎಂಪಿಎಸ್ ಪ್ರಕ್ಷಿಪ್ತ ಪಾಠ. ವಿವೇಕಿಯಾದ ಸಂಪಾದಕನು ಅದನ್ನು ಕೈಬಿಡಬೇಕು. 2004ರಲ್ಲಿ ಶುರುವಾದ 80 ಪ್ಲಸ್ ಮುದ್ರೆಯನ್ನು ಕಂಡು ಕೈಮುಗಿಯುವವರಿದ್ದಾರೆ. ಅದು ಎಷ್ಟು ವಿದ್ಯುತ್ತು ಬಿಸಿಯಾಗಿ ಪೋಲಾಗುತ್ತದೆಂದು ಹೇಳುತ್ತದೆ, ಒಳಗಿನ ಕೆಪಾಸಿಟರಿನ ಶೀಲದ ಬಗ್ಗೆ ಏನೂ ಹೇಳುವುದಿಲ್ಲ. ಎಂಟು ಪಿನ್ನಿನ ಎರಡು ಪ್ಲಗ್ಗುಗಳಲ್ಲಿ ಒಂದು ಪ್ರೊಸೆಸರಿನದು, ಒಂದು ಗ್ರಾಫಿಕ್ಸ್ ಕಾರ್ಡಿನದು. ನೋಟಕ್ಕೆ ಅವಳಿ, ಧನ ಋಣಗಳಲ್ಲಿ ಎದುರುಬದುರು. ಪುಣ್ಯಕ್ಕೆ ಪ್ಲಗ್ಗಿನ ಮೂಲೆಗಳ ಆಕಾರ ಬೇರೆ. ಆದರೆ ಕೇಬಲ್ ಬಿಚ್ಚಿಡಬಹುದಾದ ಎಸ್‌ಎಂಪಿಎಸ್‌ನಲ್ಲಿ ಈ ಪುಣ್ಯವೂ ಇಲ್ಲ. ಒಂದು ಕಂಪನಿಯ ಕೇಬಲ್ ಇನ್ನೊಂದು ಕಂಪನಿಯ ಡಬ್ಬಿಗೆ ‘ಟಕ್’ ಎಂದು ಕೂರುತ್ತದೆ. ಡಬ್ಬಿಯ ಕಡೆಯ ತಂತಿಕ್ರಮಕ್ಕೆ ಎಲ್ಲರೂ ಒಪ್ಪಿದ ಸೂತ್ರವಿಲ್ಲದ್ದರಿಂದ 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹೋಗಬಹುದು. ಮೇಲೆ ಹೇಳಿದ ಲೋಪವಾದ ಹಾರ್ಡ್ ಡಿಸ್ಕ್ ಮರಳಿತಷ್ಟೆ. ಇಲ್ಲಿ ಹೋದದ್ದಕ್ಕೆ ಪಾಣಿನಿಯೂ ಆಗಿಬರುವುದಿಲ್ಲ.

ಕ್ಯಾಬಿನೆಟ್ ಛಂದಸ್ಸು. 1995ರಲ್ಲಿ ಇಂಟೆಲ್ ಹೊರತಂದ ಎಟಿಎಕ್ಸ್ ಬೋರ್ಡು 305ಕ್ಕೆ 244 ಮಿಲಿಮೀಟರ್, ಮೈಕ್ರೋ ಎಟಿಎಕ್ಸ್ 244ರ ಚೌಕ, ಮಿನಿ ಐಟಿಎಕ್ಸ್ 170ರ ಚೌಕ. ಕೂಲರಿನ ಎತ್ತರ, ಕಾರ್ಡಿನ ಉದ್ದ ಅಳೆದುಕೊಂಡರೆ ಸಾಕು. ಬೋರ್ಡಿನಡಿಯ ಹಿತ್ತಾಳೆ ಮೊಳೆಗಳಲ್ಲಿ ತೂತಿಲ್ಲದ ಕಡೆ ಒಂದು ಉಳಿದರೆ ಅದು ಅಧಿಕಪದ ದೋಷ, ಶಾರ್ಟ್ ಸರ್ಕ್ಯೂಟಿಗೆ ಕಾರಣ.

ಕೊನೆಗೆ ಬಣ್ಣದ ದೀಪಗಳು. ಇವು ಅಲಂಕಾರ ಪ್ರಕರಣಕ್ಕೆ ಸೇರಿದ್ದರಿಂದ ವ್ಯಾಕರಣಕಾರನು ಬಾಯಿ ಹಾಕಬಾರದು. ದೀಪದಿಂದ ವೇಗ ಹೆಚ್ಚುತ್ತದೆಂಬ ಲೋಕವಾದವನ್ನೂ ಇಲ್ಲಿ ವಿಚಾರಿಸುವುದಿಲ್ಲ. ಆದರೂ ಆಲಂಕಾರಿಕರು ಕೇಳಿಕೊಂಡದ್ದರಿಂದ ಒಂದು ಮಾತು. ಮೂರು ಪಿನ್ನಿನ ದೀಪಪಟ್ಟಿ 5 ವೋಲ್ಟಿನದು, ನಾಲ್ಕು ಪಿನ್ನಿನದು 12 ವೋಲ್ಟಿನದು. ಮೊದಲನೆಯದನ್ನು ಎರಡನೆಯದರ ಮೇಲೆ ಬಲವಂತವಾಗಿ ಒತ್ತಿದರೆ ವಾಚ್ಯಾರ್ಥ ಅಲ್ಲಿಗೇ ಮುಗಿಯುತ್ತದೆ. ಉಳಿದದ್ದನ್ನು ವಾಸನೆ ಧ್ವನಿಸುತ್ತದೆ.