ಹುಳು ಮಲಗಿತು, ಯಜಮಾನ ಮಲಗಲಿಲ್ಲ

ನಮ್ಮ ಮಾಂಬಳ್ಳಿ ಕಡೆ ನೆಟ್ಟಗೆ ವಿಶ್ರಾಂತಿ ತೆಗೆದುಕೊಳ್ಳಲು ಬರುವುದು ರೇಷ್ಮೆ ಹುಳುವಿಗೆ ಮಾತ್ರ. ಗೂಡು ಕಟ್ಟುವ ಮುಂಚೆ, ಸುಮಾರು 25 ದಿನದೊಳಗೆ, ಅದು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿಕೊಂಡು ಹೆಚ್ಚುಕಮ್ಮಿ ಒಂದು ದಿನ ಅಲುಗಾಡದೆ ಇದ್ದು, ಹಳೇ ಚರ್ಮ ಕಳಚಿ ಏಳುತ್ತದೆ. ಸಾಲದ ಕಂತು, ಮಗಳ ಮದುವೆ, ಗೂಡಿನ ರೇಟು ಯಾವುದೂ ಅದಕ್ಕಿಲ್ಲ. ಅವೆಲ್ಲ ಸಾಕುವವನ ತಲೆಯಲ್ಲಿವೆ. ನಾಲ್ಕನೇ ಜ್ವರ ಎದ್ದ ಹುಳುವಂತೂ ತಾನು ತಿನ್ನುವ ಒಟ್ಟು ಸೊಪ್ಪಿನಲ್ಲಿ ಶೇ. 80ಕ್ಕೂ ಹೆಚ್ಚನ್ನು ಆ ಕೊನೆಯ ವಾರದಲ್ಲೇ ಮೇಯುತ್ತದೆ. ಆಗ ಯಜಮಾನನಿಗೆ ನಿದ್ದೆ ಬರದಿದ್ದರೆ ನ್ಯಾಯವಿದೆ.

ನನಗೆ ಹುಳುವೂ ಇಲ್ಲ, ಸೊಪ್ಪೂ ಇಲ್ಲ. ಆದರೂ ನಿದ್ದೆ ಇಲ್ಲ. ಗಸಗಸೆ ಪಾಯಸ ಕುಡಿ ಎಂದರು, ಕುಡಿದೆ; ರುಚಿಯಾಗಿತ್ತು, ಇನ್ನೊಂದು ಲೋಟ ಕುಡಿಯಲು ಎದ್ದೆ. ಅಂಗಾಲಿಗೆ ಹರಳೆಣ್ಣೆ ತಿಕ್ಕು ಎಂದರು, ತಿಕ್ಕಿದೆ. ಹಾಸಿಗೆ ಹೊದಿಕೆ ಒಗೆಯಬೇಕಾದವರು ನನ್ನ ನಿದ್ದೆಯ ಜತೆ ತಮ್ಮ ಶಾಂತಿಯನ್ನೂ ಕಳೆದುಕೊಂಡರು. ಕೊನೆಗೆ ಪಕ್ಕದ ಮನೆ ಅಜ್ಜಿ ಕೇಳಿತು: “ಮದ್ಯಾನ ಮುದ್ದ ಉಂಡ್ಕಂಡು ಗೊರ್ಕ ಹೊಡಿತಿದ್ದಿಯಲ್ಲ, ರಾತ್ರಿಗ ನಿದ್ದ ಎಲ್ಲಿಂದ ಬಂದದು ಮಗ?”

ಅಜ್ಜಿಗೆ ಅಡಿನೊಸಿನ್ ಗೊತ್ತಿಲ್ಲ, ಲೆಕ್ಕ ಮಾತ್ರ ಸರಿಯಾಗಿತ್ತು. ಎಚ್ಚರವಿದ್ದಷ್ಟೂ ಹೊತ್ತು ಆ ರಾಸಾಯನಿಕ ಮೆದುಳಿನಲ್ಲಿ ಕೂಡುತ್ತಾ ಹೋಗುತ್ತದೆ, ಕೂಡಿದಷ್ಟೂ ನಿದ್ದೆ ಒತ್ತಿ ಬರುತ್ತದೆ. ಮಧ್ಯಾಹ್ನದ ಗೊರಕೆ ಆ ಗಂಟನ್ನು ಬೆಳಕಿರುವಾಗಲೇ ಖರ್ಚು ಮಾಡಿಬಿಡುತ್ತದೆ. ಸಂಜೆ ಆರರ ಕಾಫಿಯ ಕೆಫೀನು ಅಡಿನೊಸಿನ್ನಿನ ಜಾಗದಲ್ಲಿ ತಾನೇ ಕೂರುತ್ತದೆ. ರಾತ್ರಿ ಹನ್ನೊಂದಾದರೂ ಅರ್ಧದಷ್ಟು ಮೈಯಲ್ಲೇ ಇರುತ್ತದೆ. ಮೇಲೆ ಮೊಬೈಲಿನ ಬೆಳಕು, ಇನ್ನೂ ಕತ್ತಲಾಗಿಲ್ಲವೆಂದು ನಿದ್ದೆಗೆ ಕರೆಯುವ ಮೆಲಟೋನಿನ್ನನ್ನು ತಡೆಯುತ್ತದೆ.

ಇಷ್ಟೆಲ್ಲ ತಿಳಿದೂ ನನ್ನನ್ನು ಕೆಡಿಸಿದ್ದು ಹಟ. ನೀಲಗಾರರು ಅಹೋರಾತ್ರಿ ಮಂಟೇಸ್ವಾಮಿ ಕಥೆ ಹಾಡುವ ಕಡೆ ಹೋಗಿ, ಇವತ್ತು ಬೆಳಗಿನತನಕ ಕೇಳಲೇಬೇಕೆಂದು ಕೂರುತ್ತೇನೆ. ತಂಬೂರಿ, ಗಗ್ಗರ, ಢಕ್ಕೆ ಕಿವಿಯ ಪಕ್ಕದಲ್ಲೇ ಮೊಳಗುತ್ತಿದ್ದರೂ ಗೋಣಿಚೀಲದ ಮೇಲೆ ಗೊರಕೆ! ಮನೆಯ ಮೆತ್ತನೆ ಹಾಸಿಗೆಯಲ್ಲಿ ಗಡಿಯಾರ ನೋಡುತ್ತಾ ‘ಈಗ ಮಲಗಿದರೂ ನಾಲ್ಕು ಗಂಟೆ ಸಿಕ್ಕೀತು’ ಎಂದು ಗುಣಿಸಿದಷ್ಟೂ ಕಣ್ಣು ನಿಗಿನಿಗಿ. ನಿದ್ರೆಯ ವೈದ್ಯರೂ ಈ ಉಲ್ಟಾ ಹಟವನ್ನೇ ಬಳಸುತ್ತಾರೆ: ಎಚ್ಚರವಾಗಿರಲು ಯತ್ನಿಸಿ ಎನ್ನುತ್ತಾರೆ, ಇಪ್ಪತ್ತು ನಿಮಿಷವಾದರೂ ಬರದಿದ್ದರೆ ಹಾಸಿಗೆ ಬಿಟ್ಟು ಏಳಿಸುತ್ತಾರೆ.

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಹೀಗೇ ಕೈಕೊಟ್ಟರೆ ಡಾಕ್ಟರ ಹತ್ತಿರ ಹೋಗಿ. ಪಕ್ಕದ ಮನೆಯವರ ಮಾತ್ರೆ ಮಾತ್ರ ಇಸಕೊಳ್ಳಬೇಡಿ. ಅದು ಬಿಪಿಯದೂ ಆಗಿರಬಹುದು.