ಸಂತೇಬೆನ್ನೂರು ಮೂಲಶಿಬಿರ ಸಿದ್ಧಾಂತ

ಮರುಭೂಮಿಯನ್ನೂ ಪರ್ವತವನ್ನೂ ಒಂದೇ ರಜೆಯಲ್ಲಿ ಮುಗಿಸಬೇಕೆನ್ನುವ ಸಾಹಸಿಗಳು ಲಡಾಖಿಗೆ ಟಿಕೆಟ್ ತೆಗೆಸುವುದು ಶುದ್ಧ ಭೂಗೋಳದ ಅಜ್ಞಾನವೆಂದು ಈ ಪ್ರಬಂಧ ಸ್ಥಾಪಿಸಲಿದೆ. ಇಂಥ ಯಾತ್ರೆಗೆ ಹುಟ್ಟಿದ ಮೂಲಶಿಬಿರ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು. ಮೊದಲ ಪ್ರಮಾಣ ಕಲ್ಲಿನದು. 16ನೇ ಶತಮಾನದಲ್ಲಿ ಹನುಮಪ್ಪ ನಾಯಕ ಇಲ್ಲಿ ಪುಷ್ಕರಣಿ ತೋಡಿಸಿ, ನೀರಿನ ನಟ್ಟನಡುವೆ ವಸಂತ ಮಂಟಪ ನಿಲ್ಲಿಸಿದ. ಮುಂದಿನ ಶತಮಾನದಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಅದರ ದಡದಲ್ಲೇ ಮುಸಾಫಿರಖಾನೆ ಕಟ್ಟಿಸಿದ. ಊರು ಗೆದ್ದವನು ಕೋಟೆ ಕಟ್ಟಿಸಿಯಾನು, ಅರಮನೆ ಕಟ್ಟಿಸಿಯಾನು. ಮುಸಾಫಿರರಿಗಾಗಿ ಕಟ್ಟಿಸಬೇಕಾದರೆ ಇಲ್ಲಿಂದ ಎಲ್ಲಿಗೋ ಹೊರಡುವವರು ಇದ್ದೇ ಇದ್ದರು. ಎಲ್ಲಿಗೆ? ಈಶಾನ್ಯಕ್ಕೆ ಜಗಳೂರಿನ ಬಯಲು, ಪಡುವಣಕ್ಕೆ ನ್ಯಾಮತಿಯ ಬೆಟ್ಟ. ಇತಿಹಾಸಕಾರರ ಬಳಿ ಬೇರೆ ಉತ್ತರ ಇದ್ದೀತು. ಅದು ನಮ್ಮ ಪ್ರಮೇಯಕ್ಕೆ ಅನುಕೂಲವಿಲ್ಲ.

ಪೂರ್ವಪಕ್ಷಿಗಳು ಇಲ್ಲೇ ಎದ್ದು ನಿಲ್ಲುತ್ತಾರೆ. ವರ್ಷಕ್ಕೆ 250 ಮಿಲಿಮೀಟರ್‌ಗಿಂತ ಕಡಿಮೆ ಮಳೆಯಾದರೆ ಮಾತ್ರ ಮರುಭೂಮಿ, ಜಗಳೂರಿಗೆ ಅದಕ್ಕಿಂತ ಹೆಚ್ಚು ಬೀಳುತ್ತದೆ ಎಂಬುದು ಅವರ ವಾದ. ಮಾಪಕದ ಡಬ್ಬಿಗೆ ಬಿದ್ದದ್ದನ್ನು ಲೆಕ್ಕ ಹಿಡಿದವರು ಅಲ್ಲಿನ ಕೊಳವೆಬಾವಿಯ ಬಾಯಿಗೆ ಕಿವಿಯಿಟ್ಟವರಲ್ಲ. ಒಂಟೆ ಎಲ್ಲಿ ಎಂದು ಕೇಳುವವರಿಗೆ ರಂಗಯ್ಯನದುರ್ಗದ ಅಭಯಾರಣ್ಯ ತೋರಿಸಬೇಕು. ಒಂಟೆಗೆ ಹೆಚ್ಚೆಂದರೆ ಎರಡು ಡುಬ್ಬ. ಅಲ್ಲಿನ ಕೊಂಡುಕುರಿಗೆ ನಾಲ್ಕು ಕೊಂಬು. ಕೊಂಡುಕುರಿ ಆಗಾಗ್ಗೆ ನೀರು ಕುಡಿಯಲೇಬೇಕಾದ ಪ್ರಾಣಿ ಎಂಬ ಕೊಂಕು ನಿಜ, ಆದರೆ ನೀರಿಲ್ಲದೆ ಬದುಕಬಲ್ಲ ಪ್ರಾಣಿ ಮರುಭೂಮಿಯಲ್ಲಿ ಬದುಕಿದರೆ ಅದರಲ್ಲಿ ಸಾಹಸವೇನು ಬಂತು? ಉಳಿದದ್ದು ಬಿಸಿಲ್ಗುದುರೆ. 2023ರ ಕೇಂದ್ರ ಬಜೆಟ್ಟಿನಲ್ಲಿ, ಈ ಬಯಲಿಗೂ ನೀರು ತರಬೇಕಾದ ಭದ್ರಾ ಮೇಲ್ದಂಡೆ ಯೋಜನೆಗೆಂದು 5,300 ಕೋಟಿ ರೂಪಾಯಿ ಘೋಷಣೆಯಾಯಿತು; ಅದನ್ನು ಬಿಡುಗಡೆ ಮಾಡಿರೆಂದು ರಾಜ್ಯ ದಿಲ್ಲಿಗೆ ಮನವಿಯ ಮೇಲೆ ಮನವಿ ಕೊಟ್ಟಿದೆ. ಇಷ್ಟು ದೂರದಿಂದ, ಇಷ್ಟು ಸ್ಪಷ್ಟವಾಗಿ ಕಾಣುವ ಬಿಸಿಲ್ಗುದುರೆ ಥಾರ್‌ನಲ್ಲೂ ಸಿಕ್ಕದು.

ಪರ್ವತದ ಎತ್ತರ ಸಾಲದೆಂಬ ಆಕ್ಷೇಪಕ್ಕೆ ಹೆಚ್ಚು ಮಾತು ಬೇಡ. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಇಳಿದವರು ಮೊದಲೆರಡು ದಿನ ಹೋಟೆಲಿನ ಹಾಸಿಗೆಯಲ್ಲಿ ಬಿದ್ದುಕೊಂಡು ಉಸಿರಾಡುವುದನ್ನು ಹೊಸದಾಗಿ ಕಲಿಯಬೇಕು. ನಮ್ಮ ನ್ಯಾಮತಿಯ ತೀರ್ಥರಾಮೇಶ್ವರದ ಬೆಟ್ಟ ಹತ್ತಿದವನು ಅಂದೇ ತೀರ್ಥ ತೆಗೆದುಕೊಂಡು ಅಂದೇ ಇಳಿಯುತ್ತಾನೆ. ರಜೆ ಉಳಿಯುವುದು ಯಾವುದರಲ್ಲಿ?

ಬುತ್ತಿಯ ವಿಷಯ ಮಾತ್ರ ಗಂಭೀರವಾದುದು. ಸಾಹಸಯಾತ್ರೆಯ ಗ್ರಂಥಗಳೆಲ್ಲ ತೂಕ ಕಡಿಮೆ ಮಾಡಿರೆಂದು ಬೋಧಿಸುತ್ತವೆ. ದಾವಣಗೆರೆ ಸೀಮೆ ಈ ಸಮಸ್ಯೆಯನ್ನು ಮಂಡಕ್ಕಿಯಿಂದ ಎಂದೋ ಬಗೆಹರಿಸಿದೆ. ಆಳೆತ್ತರದ ಚೀಲವನ್ನು ಶಾಲೆ ಹುಡುಗ ಹೆಗಲಿಗೇರಿಸಿಕೊಂಡು ಹೋಗುತ್ತಾನೆ. ಒಗ್ಗರಣೆ, ಹುರಿಗಡಲೆ ಪುಡಿ, ಹಸಿ ಈರುಳ್ಳಿ ಬಿದ್ದರೆ ಊಟ. ಜೊತೆಗೆ ಬರುವ ಮೆಣಸಿನಕಾಯಿ ಬಜ್ಜಿಯ ಎಣ್ಣೆ ಹಳೇ ಪೇಪರಿನಲ್ಲಿ ಹರಡಿ, ಅಚ್ಚಾಗಿದ್ದ ತಾಲ್ಲೂಕು ಸುದ್ದಿಯ ಮೇಲೆ ಬೆಟ್ಟ ಕಣಿವೆಗಳನ್ನು ಮೂಡಿಸುತ್ತದೆ. ನಕ್ಷೆಯ ಖರ್ಚೂ ಉಳಿಯಿತು. ಬಾಯಿ ಉರಿದು ನೀರು ಹೆಚ್ಚು ಬೇಕಾಗುತ್ತದೆಂದು ವೈದ್ಯರು ಹೇಳಬಹುದು. ದಾಹವಿಲ್ಲದೆ ಮರುಭೂಮಿಗೆ ಹೋಗುವುದಾದರೂ ಯಾತಕ್ಕೆ?

ಸೂಳೆಕೆರೆಯಂಥ ಕಡಲನ್ನು ಇದೇ ಚನ್ನಗಿರಿ ತಾಲ್ಲೂಕಿನಲ್ಲಿ ಇಟ್ಟುಕೊಂಡು ಮರುಭೂಮಿಯ ಮಾತೇಕೆ ಎಂಬ ಪ್ರಶ್ನೆ ನಮಗೇ ಅನುಕೂಲ. ಓಯಸಿಸ್ ಇಲ್ಲದ ಮರುಭೂಮಿಯನ್ನು ಯಾವ ಪ್ರವಾಸಿಯೂ ಒಪ್ಪುವುದಿಲ್ಲ. ಸಹಾರಾದಲ್ಲಿ ಓಯಸಿಸನ್ನು ಹುಡುಕಿಕೊಂಡು ಹೋಗಬೇಕು. ಇಲ್ಲಿ ಅದೇ ಪೈಪಿನಲ್ಲಿ ಹೊರಟು ಚಿತ್ರದುರ್ಗದ ನಲ್ಲಿಯವರೆಗೆ ಬರುತ್ತದೆ.

ಸಿದ್ಧಾಂತಕ್ಕೆ ನಿಜವಾದ ಅಪಾಯ ಬೇರೆ ಕಡೆಯಿಂದಿದೆ. ತುಂಗಭದ್ರೆಯ ನೀರನ್ನೆತ್ತಿ ಜಗಳೂರು ಭಾಗದ 57 ಕೆರೆಗಳನ್ನು ತುಂಬಿಸುವ ಯೋಜನೆಯೊಂದಿದೆ. ಅಷ್ಟೂ ಕೆರೆ ಕೋಡಿ ಬಿದ್ದರೆ ನಮ್ಮ ಮರುಭೂಮಿ ಹೋಯಿತು. ರೈತರು ಸಂತೋಷಪಟ್ಟಾರು, ಪಾಂಡಿತ್ಯಕ್ಕಾಗುವ ನಷ್ಟವನ್ನು ಯಾವ ಪರಿಹಾರವೂ ತುಂಬಲಾರದು. ಆದ್ದರಿಂದ ಯಾತ್ರಿಕರು ಮೊದಲು ಜಗಳೂರನ್ನು ಮುಗಿಸಿಕೊಂಡು ಆಮೇಲೆ ನ್ಯಾಮತಿಯತ್ತ ತಿರುಗುವುದು ಲೇಸು. ಬೆಟ್ಟ ತುಂಬಿಸುವ ಯೋಜನೆ ಇನ್ನೂ ಬಂದಿಲ್ಲ.